ಒತ್ತಡಕ್ಕೆ ಹೆಸರಿಟ್ಟ ಹ್ಯಾನ್ಸ್ ಸೆಲ್ಯೆ: ಚಿಂತೆ ಒಸಡಿಗೆ ಇಳಿಯುವ ದಾರಿ

ಚಿಂತೆಗೂ ಚಿತೆಗೂ ಇರುವ ವ್ಯತ್ಯಾಸ ಒಂದು ಸೊನ್ನೆ ಮಾತ್ರ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳದವರಿಲ್ಲ. ತಳಿ, ಜವಳಗಿರಿ, ಡೆಂಕಣಿಕೋಟೆ ಸುತ್ತಮುತ್ತಲಿನ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟ ಕಡೆಯ ಕಾಡಿನಿಂದ ಆನೆಗಳು ಬರುತ್ತವೆ. ಹೊಲದಲ್ಲಿ ರಾತ್ರಿಯೆಲ್ಲ ಎದ್ದು ಕೂತು ಕಾಯಬೇಕು. ಟೊಮೆಟೊ ಬೆಲೆ ಒಂದು ವಾರ ಏರಿದರೆ ಮರುವಾರ ಕೀಳುವ ಕೂಲಿಗೂ ಸಾಲದಷ್ಟು ಕುಸಿಯುತ್ತದೆ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ಪಾಳಿ ಕೆಲಸಕ್ಕೆ ಹೋಗುವ ಯುವಕರಿಗೆ ಹೊತ್ತಿಗೆ ಸರಿಯಾದ ನಿದ್ದೆ ಇರುವುದಿಲ್ಲ. ಇಂಥ ದಿನಗಳಲ್ಲೇ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದರೆ, ಹಲ್ಲು ಅಲುಗಾಡತೊಡಗಿದರೆ ಉಷ್ಣ ಜಾಸ್ತಿಯಾಯಿತು ಎಂದು ಸುಮ್ಮನಾಗುವವರೇ ಹೆಚ್ಚು.

ಕನ್ನಡದಲ್ಲಿ ಒಸಡು, ತಮಿಳಿನಲ್ಲಿ ಈರು, ತೆಲುಗಿನಲ್ಲಿ ಚಿಗುಳ್ಳು. ಹೆಸರು ಯಾವುದಾದರೂ ಕಾಯಿಲೆ ಒಂದೇ. ಮನಸ್ಸಿನ ಚಿಂತೆಗೂ ಬಾಯಿಯ ಒಸಡಿಗೂ ಏನು ಸಂಬಂಧ ಎಂದು ಕೇಳಿದರೆ ಇಂದಿನ ವೈದ್ಯರು ನಗುವುದಿಲ್ಲ. ಚಿಂತೆ ಹೆಚ್ಚಾದಾಗ ದೇಹದಲ್ಲಿ ಕೆಲವು ಹಾರ್ಮೋನುಗಳು ಏರುತ್ತವೆ. ಅವು ಒಸಡಿನ ಕಾವಲನ್ನು ಸಡಿಲಿಸಬಲ್ಲವು. ಈ ದಾರಿಯನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಮುಖ್ಯರು ಹ್ಯಾನ್ಸ್ ಸೆಲ್ಯೆ. ಇಂದು ಹಳ್ಳಿಯ ಶಾಲಾ ಮಕ್ಕಳೂ ಬಳಸುವ ಸ್ಟ್ರೆಸ್ ಎಂಬ ಪದಕ್ಕೆ ವೈದ್ಯಕೀಯದಲ್ಲಿ ಈಗಿನ ಅರ್ಥ ಬಂದದ್ದು ಅವರಿಂದಲೇ. ದೊಡ್ಡ ಸಾಧನೆ ಮಾಡಿದ ಈ ವಿಜ್ಞಾನಿ ಒಂದು ದೊಡ್ಡ ತಪ್ಪು ದಾರಿಯನ್ನೂ ಹಿಡಿದರು. ಎರಡನ್ನೂ ತಿಳಿಯಬೇಕಾದದ್ದು ಅಗತ್ಯ.

ಗಡಿ ಊರಿನ ಹುಡುಗ

ಸೆಲ್ಯೆ ಹುಟ್ಟಿದ್ದು 1907ರ ಜನವರಿ 26ರಂದು, ವಿಯೆನ್ನಾ ನಗರದಲ್ಲಿ. ತಂದೆ ಹ್ಯೂಗೊ ಸೆಲ್ಯೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನ್ಯದಲ್ಲಿ ಶಸ್ತ್ರವೈದ್ಯರು. ಅವರು ಹಂಗೇರಿಯವರು, ತಾಯಿ ಆಸ್ಟ್ರಿಯಾದವರು. ಹುಡುಗ ಬೆಳೆದದ್ದು ಡ್ಯಾನ್ಯೂಬ್ ನದಿಯ ದಂಡೆಯ ಕೊಮಾರೊಮ್ ಎಂಬ ಊರಿನಲ್ಲಿ. ಓದಿದ್ದು ಅಲ್ಲಿನ ಕ್ರೈಸ್ತ ಸನ್ಯಾಸಿಗಳ ಶಾಲೆಯಲ್ಲಿ. ಮನೆಯಲ್ಲಿ ಜರ್ಮನ್, ಬೀದಿಯಲ್ಲಿ ಹಂಗೇರಿಯನ್. ಇವುಗಳ ಜೊತೆಗೆ ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನೂ ಚಿಕ್ಕಂದಿನಲ್ಲೇ ಕಲಿತರು.

ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಸೋತು ಚೂರಾಯಿತು. 1920ರ ಟ್ರಿಯಾನನ್ ಒಪ್ಪಂದದಲ್ಲಿ ನದಿಯೇ ಗಡಿಯಾಯಿತು. ಊರಿನ ಉತ್ತರ ಭಾಗ ಚೆಕೊಸ್ಲೊವಾಕಿಯಾಕ್ಕೆ ಸೇರಿತು, ದಕ್ಷಿಣ ದಂಡೆ ಹಂಗೇರಿಯಲ್ಲಿ ಉಳಿಯಿತು. ಜನ ಅಲ್ಲೇ ಇದ್ದರು, ಅವರ ಭಾಷೆಯೂ ಅದೇ ಇತ್ತು, ಸರ್ಕಾರ ಮಾತ್ರ ಬದಲಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಆಗಿನ ಸೇಲಂ ಜಿಲ್ಲೆಯ ಹೊಸೂರು ತಾಲ್ಲೂಕು ಮದ್ರಾಸ್ ರಾಜ್ಯದಲ್ಲೇ ಉಳಿದದ್ದನ್ನು ನೆನಪಿಸಿಕೊಳ್ಳುವ ಗಡಿ ಭಾಗದವರಿಗೆ ಇದು ಬೇಗ ಅರ್ಥವಾಗುವ ಸಂಗತಿ. ಹೊಸೂರು ತಮಿಳಿನಲ್ಲಿ ಓಸೂರ್ ಆಗುವಂತೆ, ಜರ್ಮನ್‌ನಲ್ಲಿ ಹ್ಯಾನ್ಸ್ ಸೆಲ್ಯೆ ಆದವರು ಹಂಗೇರಿಯನ್‌ನಲ್ಲಿ ಶೆಯೆ ಯಾನೋಶ್. ಒಬ್ಬರೇ ಮನುಷ್ಯ, ಎರಡು ಹೆಸರು.

ನಾಲಿಗೆಯ ಮೇಲಿನ ಬಿಳಿ ಪದರ

1924ರಲ್ಲಿ ಸೆಲ್ಯೆ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ಅಲ್ಲಿ ಒಂದು ದಿನ ಹಿರಿಯ ಪ್ರಾಧ್ಯಾಪಕರು ಬೇರೆ ಬೇರೆ ಸೋಂಕು ತಗುಲಿದ ರೋಗಿಗಳನ್ನು ತರಗತಿಯ ಮುಂದೆ ಕರೆತಂದರು. ಪ್ರತಿ ರೋಗದ ವಿಶೇಷ ಲಕ್ಷಣವನ್ನು ವಿದ್ಯಾರ್ಥಿಗಳು ಗುರುತಿಸಬೇಕಿತ್ತು. ಸೆಲ್ಯೆ ಅವರ ಕಣ್ಣಿಗೆ ಬಿದ್ದದ್ದು ಬೇರೆಯೇ. ಎಲ್ಲ ರೋಗಿಗಳ ನಾಲಿಗೆಯ ಮೇಲೂ ಬಿಳಿ ಪದರ ಕಟ್ಟಿತ್ತು. ಎಲ್ಲರಿಗೂ ಮೈಕೈ ನೋವು, ಊಟ ಸೇರದಿರುವುದು, ಸುಸ್ತು. ಯಾವ ರೋಗವೇ ಇರಲಿ, ರೋಗಿಯಾಗಿರುವುದಕ್ಕೇ ಒಂದು ಸಾಮಾನ್ಯ ಚಹರೆ ಇದೆಯಲ್ಲ ಎಂದು ಹುಡುಗನಿಗೆ ಅನ್ನಿಸಿತು.

ಆ ಕಾಲದ ವೈದ್ಯಕೀಯಕ್ಕೆ ಇದು ಬೇಡದ ಪ್ರಶ್ನೆ. ಒಂದು ರೋಗಕ್ಕೆ ಒಂದು ಕ್ರಿಮಿ, ಅದಕ್ಕೊಂದು ಔಷಧ ಎಂದು ಹುಡುಕುತ್ತಿದ್ದ ಕಾಲವದು. ಸೆಲ್ಯೆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓದು ಮುಂದುವರಿಸಿದರು. 1929ರಲ್ಲಿ ವೈದ್ಯ ಪದವಿ, 1931ರಲ್ಲಿ ಡಾಕ್ಟರೇಟ್ ಪಡೆದರು. ದೇಹದ ಕಷ್ಟ ಮೊದಲು ಬಾಯಿಯಲ್ಲೇ ಕಾಣಿಸಿಕೊಂಡಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಇಲಿಗಳಲ್ಲಿ ಸಿಕ್ಕ ಉತ್ತರ

ರಾಕ್‌ಫೆಲ್ಲರ್ ವಿದ್ಯಾರ್ಥಿವೇತನ ಪಡೆದು ಸೆಲ್ಯೆ 1931ರಲ್ಲಿ ಅಮೆರಿಕಕ್ಕೆ ಹೋದರು. ಮರುವರ್ಷ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿದ್ದವರು ಇನ್ಸುಲಿನ್ ಶುದ್ಧಗೊಳಿಸಿ ಹೆಸರಾಗಿದ್ದ ಜೇಮ್ಸ್ ಕಾಲಿಪ್. ಹೊಸ ಹಾರ್ಮೋನು ಹುಡುಕುವುದು ಸೆಲ್ಯೆ ಅವರ ಕೆಲಸವಾಗಿತ್ತು. ಪ್ರಾಣಿಗಳ ಅಂಡಾಶಯದಿಂದ ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿದರು. ಆಮೇಲೆ ಇಲಿಗಳನ್ನು ಕೊಯ್ದು ನೋಡಿದಾಗ ಮೂರು ಬದಲಾವಣೆ ಕಂಡವು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂರುವ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಥೈಮಸ್ ಮತ್ತು ದುಗ್ಧ ಗ್ರಂಥಿಗಳು ಕುಗ್ಗಿದ್ದವು. ಹೊಟ್ಟೆಯಲ್ಲಿ ಹುಣ್ಣಾಗಿತ್ತು.

ಹೊಸ ಹಾರ್ಮೋನು ಸಿಕ್ಕಿತೆಂದು ಸೆಲ್ಯೆ ಹಿಗ್ಗಿದರು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಮೂರು ಬದಲಾವಣೆ. ಹೆಣ ಕೆಡದಂತೆ ಬಳಸುವ ಫಾರ್ಮಲಿನ್ ಚುಚ್ಚಿದರೂ ಅದೇ. ಹೊಸ ಹಾರ್ಮೋನಿನ ಕನಸು ಮುರಿದು ಬಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಸೆಲ್ಯೆ ಅವರಿಗೆ ಪ್ರಾಗ್‌ನ ತರಗತಿ ನೆನಪಾಯಿತು. ಇಲಿಗಳನ್ನು ಚಳಿಯಲ್ಲಿ ಇಟ್ಟರು, ಸುಸ್ತಾಗುವವರೆಗೆ ಓಡಿಸಿದರು, ಗಾಯ ಮಾಡಿದರು. ಕಾರಣ ಯಾವುದಾದರೂ ದೇಹ ಕೊಟ್ಟ ಉತ್ತರ ಒಂದೇ ಆಗಿತ್ತು.

1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಅವರ ಚಿಕ್ಕ ಪತ್ರವೊಂದು ಪ್ರಕಟವಾಯಿತು. ಒಂದು ಪುಟದೊಳಗೆ ಮುಗಿದ ಆ ಪತ್ರವೇ ಒತ್ತಡದ ವಿಜ್ಞಾನಕ್ಕೆ ಅಡಿಗಲ್ಲು. ಆಗ ಸೆಲ್ಯೆ ಅವರಿಗೆ ವಯಸ್ಸು 29.

ಮೂರು ಹಂತಗಳು

ದೇಹ ಕಷ್ಟವನ್ನು ಎದುರಿಸುವ ರೀತಿಯನ್ನು ಸೆಲ್ಯೆ ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ಎಚ್ಚರದ ಹಂತ. ರಾಗಿ ಹೊಲದ ಅಂಚಿನಲ್ಲಿ ಆನೆ ಕೊಂಬೆ ಮುರಿದ ಸದ್ದು ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ನಿದ್ದೆ ಹಾರಿಹೋಗುತ್ತದೆ. ಇದು ಅಡ್ರಿನಲಿನ್ ಹಾರ್ಮೋನಿನ ಕೆಲಸ. ಎರಡನೆಯದು ತಡೆದುಕೊಳ್ಳುವ ಹಂತ. ಕಷ್ಟ ಮುಂದುವರಿದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊರಗಿನಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಒಳಗೆ ಅಡ್ರಿನಲ್ ಗ್ರಂಥಿ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಮೂರನೆಯದು ಸೋಲುವ ಹಂತ. ತಿಂಗಳುಗಟ್ಟಲೆ ವಿಶ್ರಾಂತಿ ಇಲ್ಲದ ದೇಹ ಕೊನೆಗೆ ರೋಗಕ್ಕೆ ಬಾಗಿಲು ತೆರೆಯುತ್ತದೆ.

ಇದಕ್ಕೆಲ್ಲ ಸ್ಟ್ರೆಸ್ ಎಂಬ ಹೆಸರನ್ನು ಅವರು ಆಮೇಲಿನ ವರ್ಷಗಳಲ್ಲಿ ಪ್ರಚಾರಕ್ಕೆ ತಂದರು. ಇಂಜಿನಿಯರುಗಳು ಈ ಪದವನ್ನು ಮೊದಲೇ ಬಳಸುತ್ತಿದ್ದರು. ಗಾಡಿಯ ಮೇಲೆ ಮೂಟೆ ಹೇರಿದರೆ ಅಚ್ಚಿನ ಮೇಲೆ ಬೀಳುವ ಒತ್ತಡ ಸ್ಟ್ರೆಸ್. ಅದರಿಂದ ಅಚ್ಚು ಬಾಗಿದರೆ ಆ ಬಾಗು ಸ್ಟ್ರೇನ್. ಸೆಲ್ಯೆ ಹೇಳಹೊರಟಿದ್ದು ದೇಹದೊಳಗಿನ ಬಾಗಿನ ಬಗ್ಗೆ. ಇಂಗ್ಲಿಷ್ ಇನ್ನೂ ಚೆನ್ನಾಗಿ ಬಂದಿದ್ದರೆ ಎರಡನೆಯ ಪದವನ್ನೇ ಆರಿಸುತ್ತಿದ್ದೆ ಎಂದು ಅವರು ಮುಂದೆ ಒಪ್ಪಿಕೊಂಡರು. ಹಲವು ಭಾಷೆ ಬಲ್ಲವರಿಗೂ ಒಂದು ಪದ ಕೈಕೊಡುವುದುಂಟು. ಅಷ್ಟರಲ್ಲಿ ಆ ಪದ ಲೋಕದ ತುಂಬ ಹರಡಿಯಾಗಿತ್ತು.

ಹಾರ್ಮೋನಿನ ಎರಡು ಮುಖ

1945ರಲ್ಲಿ ಸೆಲ್ಯೆ ಮಾಂಟ್ರಿಯಲ್‌ನ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯಕ್ಕೆ ಬಂದು ಪ್ರಯೋಗ ವೈದ್ಯಕೀಯ ಸಂಸ್ಥೆಯ ನಿರ್ದೇಶಕರಾದರು. ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಹೊರಡುವ ಹಾರ್ಮೋನುಗಳನ್ನು ವಿಂಗಡಿಸುವುದರಲ್ಲಿ ಅವರ ಪಾತ್ರ ದೊಡ್ಡದು. ಅವುಗಳಲ್ಲಿ ಮುಖ್ಯವಾದದ್ದು ಕಾರ್ಟಿಸಾಲ್. ಇದರ ಹತ್ತಿರದ ಸಂಬಂಧಿ ಕಾರ್ಟಿಸೋನ್. ಸಂಧಿವಾತದಿಂದ ಹಾಸಿಗೆ ಹಿಡಿದವರು ಕಾರ್ಟಿಸೋನ್ ಪಡೆದು ಎದ್ದು ನಡೆದದ್ದು ಆ ಕಾಲದ ದೊಡ್ಡ ಸುದ್ದಿ. ಆ ಸಂಶೋಧನೆಗೆ ಕೆಂಡಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರ ನೊಬೆಲ್ ಬಹುಮಾನ ಬಂತು. ಸೆಲ್ಯೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಆ ಬಹುಮಾನ ಅವರಿಗೆ ಬರಲಿಲ್ಲ.

ಈ ಹಾರ್ಮೋನಿಗೆ ಎರಡು ಮುಖ. ಊತ ಮತ್ತು ನೋವನ್ನು ತಗ್ಗಿಸುವುದು ಒಂದು. ಕ್ರಿಮಿಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೈಕಟ್ಟುವುದು ಇನ್ನೊಂದು. ಗಾಯ ಮಾಯುವುದು ನಿಧಾನವಾಗುತ್ತದೆ, ಮೂಳೆ ತೆಳುವಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಒಂದೆರಡು ಗಂಟೆ ಕಾರ್ಟಿಸಾಲ್ ಏರಿದರೆ ಅದು ದೇಹಕ್ಕೆ ಸಹಾಯ. ತಿಂಗಳುಗಟ್ಟಲೆ ಇಳಿಯದಿದ್ದರೆ ತೊಂದರೆ.

ಹಲ್ಲಿನ ವೈದ್ಯರು ಇದನ್ನು ಬೇಗ ಗಮನಿಸಿದರು. ಅಮೆರಿಕದ ಬಾಸ್ಟನ್‌ನಲ್ಲಿ ಒಸಡು ರೋಗ ತಜ್ಞ ಅರ್ವಿಂಗ್ ಗ್ಲಿಕ್‌ಮನ್ ಮತ್ತು ಸಂಗಡಿಗರು ಬಿಳಿ ಇಲಿಮರಿಗಳಿಗೆ ಕಾರ್ಟಿಸೋನ್ ಕೊಟ್ಟು ಅವುಗಳ ಒಸಡು, ಹಲ್ಲಿನ ಸುತ್ತಲಿನ ಮೂಳೆ ಏನಾಗುತ್ತದೆ ಎಂದು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದರು. ಹಲ್ಲನ್ನು ಹಿಡಿದಿಡುವ ಮೂಳೆ ದುರ್ಬಲವಾಗಿತ್ತು. ಒತ್ತಡದ ಹಾರ್ಮೋನಿಗೂ ಒಸಡಿಗೂ ಸಂಬಂಧವಿದೆ ಎಂಬ ಮಾತಿಗೆ ಹೀಗೆ ಪ್ರಯೋಗಶಾಲೆಯ ಆಧಾರ ಸಿಗತೊಡಗಿತು.

ಒಸಡಿನಲ್ಲಿ ನಡೆಯುವುದೇನು?

ಒಸಡಿನ ಕಾಯಿಲೆಗೆ ಮೂಲ ಕಾರಣ ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿ. ಇದು ಬರಿಯ ಊಟದ ಜಿಡ್ಡಲ್ಲ, ಕೋಟ್ಯಂತರ ಬ್ಯಾಕ್ಟೀರಿಯಾಗಳು ಸೇರಿ ಕಟ್ಟಿದ ಪದರ. ದಿನವೂ ಉಜ್ಜಿ ತೆಗೆಯದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೊದಲು ಒಸಡು ಕೆಂಪಾಗಿ ಊದಿಕೊಂಡು ರಕ್ತ ಬರುತ್ತದೆ. ಈ ಹಂತದಲ್ಲಿ ಶುಚಿ ಮಾಡಿದರೆ ಪೂರ್ತಿ ವಾಸಿಯಾಗುತ್ತದೆ. ಅಲಕ್ಷ್ಯ ಮಾಡಿದರೆ ಕೆಲವರಲ್ಲಿ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಮೂಡುತ್ತದೆ, ಒಳಗಿನ ಮೂಳೆ ಕರಗುತ್ತದೆ, ಹಲ್ಲು ಅಲುಗಾಡುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ ಏಕೆ? ಇದಕ್ಕೆ ಶ್ರೀಲಂಕಾದ ಚಹಾ ತೋಟಗಳ ತಮಿಳು ಕಾರ್ಮಿಕರ ನಡುವೆ 1970ರಿಂದ 15 ವರ್ಷ ನಡೆದ ಅಧ್ಯಯನ ಒಂದು ಸುಳಿವು ಕೊಟ್ಟಿತು. ಹರಾಲ್ಡ್ ಲೋ ಎಂಬ ದಂತ ವಿಜ್ಞಾನಿಯ ತಂಡ 480 ಗಂಡಸರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಅವರಾರೂ ಬ್ರಷ್ ಹಿಡಿದು ಹಲ್ಲು ಶುಚಿ ಮಾಡುವ ರೂಢಿಯವರಲ್ಲ, ಎಲ್ಲರ ಹಲ್ಲಿಗೂ ಪಾಚಿ ಕಟ್ಟಿತ್ತು. ಆದರೂ ಶೇ. 8ರಷ್ಟು ಜನರಲ್ಲಿ ಕಾಯಿಲೆ ವೇಗವಾಗಿ ಬೆಳೆಯಿತು, ಶೇ. 81ರಷ್ಟು ಜನರಲ್ಲಿ ಮಧ್ಯಮವಾಗಿ ಬೆಳೆಯಿತು, ಶೇ. 11ರಷ್ಟು ಜನರಲ್ಲಿ ಒಸಡಿನ ಊತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ಪಾಚಿ ಇರಲೇಬೇಕು, ಆದರೆ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ದೇಹ ಹೇಗೆ ಎದುರಿಸುತ್ತದೆ ಎಂಬುದೂ ಮುಖ್ಯ ಎಂದು ಇದರಿಂದ ತಿಳಿಯಿತು. ಸೆಲ್ಯೆ ಹೇಳಿದ ಒತ್ತಡದ ಹಾರ್ಮೋನುಗಳು ಕೈಯಾಡಿಸುವುದು ಇಲ್ಲೇ.

ಕಂದಕದಿಂದ ಪರೀಕ್ಷಾ ಕೊಠಡಿಗೆ

ಒತ್ತಡ ಬಾಯಿಗೆ ಇಳಿಯುವುದನ್ನು ಸೈನಿಕರು ಮೊದಲೇ ಅನುಭವಿಸಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತ ಸೈನಿಕರ ಒಸಡು ಕೊಳೆತು, ಹಲ್ಲುಗಳ ನಡುವೆ ಹುಣ್ಣಾಗಿ, ಬಾಯಿಯಿಂದ ತಡೆಯಲಾರದ ವಾಸನೆ ಬರುತ್ತಿತ್ತು. ಇದಕ್ಕೆ ಕಂದಕದ ಬಾಯಿ ಎಂಬ ಅರ್ಥದ ಹೆಸರೇ ಬಿತ್ತು. ಭಯ, ನಿದ್ದೆಗೇಡು, ಅರೆಹೊಟ್ಟೆ, ಸಿಗರೇಟು, ಶುಚಿಯಿಲ್ಲದ ಬಾಯಿ ಎಲ್ಲವೂ ಸೇರಿದ್ದವು. ಈ ರೋಗಕ್ಕೆ ತೀವ್ರ ಮಾನಸಿಕ ಒತ್ತಡ ಒಂದು ಕಾರಣ ಎಂದು ಇಂದಿನ ದಂತವೈದ್ಯ ಶಾಸ್ತ್ರವೂ ಒಪ್ಪುತ್ತದೆ.

ಸೆಲ್ಯೆ ಕಾಲವಾದ ಮೇಲೆ ಇನ್ನೂ ನೇರವಾದ ಪರೀಕ್ಷೆಗಳು ನಡೆದವು. 1998ರಲ್ಲಿ ಪ್ರಕಟವಾದ ಅಮೆರಿಕದ ಒಹಾಯೊ ರಾಜ್ಯದ ಅಧ್ಯಯನದಲ್ಲಿ ದಂತ ವೈದ್ಯಕೀಯ ಓದುತ್ತಿದ್ದ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ ಎರಡು ಬಾರಿ ಚಿಕ್ಕ ಗಾಯ ಮಾಡಲಾಯಿತು. ಒಂದು ಗಾಯ ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಮೊದಲು. ಪರೀಕ್ಷೆಯ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇ. 40ರಷ್ಟು ಹೆಚ್ಚು ಸಮಯ ಹಿಡಿಯಿತು. ಒಬ್ಬರ ಗಾಯವೂ ರಜೆಯಲ್ಲಿ ಮಾಯ್ದಷ್ಟು ಬೇಗ ಮಾಯಲಿಲ್ಲ. ಅದೇ ವರ್ಷಗಳಲ್ಲಿ ಜರ್ಮನಿಯಲ್ಲೂ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳ ಒಸಡಿನ ಊತ ಹೆಚ್ಚುವುದನ್ನು ಸಂಶೋಧಕರು ದಾಖಲಿಸಿದರು.

ಸಾಲಗಾರರಿಗೆ ಹತ್ತಿರವಾದ ಅಧ್ಯಯನ ಇನ್ನೊಂದಿದೆ. ರಾಬರ್ಟ್ ಜೆಂಕೊ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಈರಿ ಕೌಂಟಿಯಲ್ಲಿ 25ರಿಂದ 74 ವರ್ಷದ 1,426 ಜನರನ್ನು ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದರು. ಹಣದ ತಾಪತ್ರಯ ಇದ್ದವರಲ್ಲಿ ಒಸಡಿನ ಕಾಯಿಲೆ ಹೆಚ್ಚಾಗಿತ್ತು. ವಯಸ್ಸು, ಧೂಮಪಾನದ ಲೆಕ್ಕ ಕಳೆದ ಮೇಲೂ ಈ ಸಂಬಂಧ ಉಳಿಯಿತು. ಆದರೆ ತಾಪತ್ರಯ ಇದ್ದರೂ ಸಮಸ್ಯೆಯನ್ನು ಎದುರಿಸಿ ದಾರಿ ಹುಡುಕುತ್ತಿದ್ದವರ ಒಸಡು, ತಾಪತ್ರಯ ಇಲ್ಲದವರಿಗಿಂತ ಕೆಟ್ಟಿರಲಿಲ್ಲ. ಒಳಗೊಳಗೇ ಕೊರಗುತ್ತಿದ್ದವರಿಗೇ ಹೆಚ್ಚು ಹೊಡೆತ. ಬ್ರೆಜಿಲ್‌ನಲ್ಲಿ 50 ದಾಟಿದವರ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದ 2006ರ ಅಧ್ಯಯನವೂ ಇದೇ ಕಡೆಗೆ ಬೊಟ್ಟು ಮಾಡಿತು.

ಎಲ್ಲ ಅಧ್ಯಯನಗಳೂ ಒಂದೇ ಫಲಿತಾಂಶ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಒತ್ತಡ ಒಂದೇ ಒಸಡಿನ ಕಾಯಿಲೆ ತರುವುದಿಲ್ಲ. ಹಾರ್ಮೋನಿನ ದಾರಿಯ ಜೊತೆಗೆ ಇನ್ನೊಂದು ದಾರಿಯೂ ಇದೆ. ಚಿಂತೆಯಲ್ಲಿರುವವರು ಹಲ್ಲುಜ್ಜುವುದನ್ನು ಮರೆಯುತ್ತಾರೆ, ಹೊತ್ತು ಹೊತ್ತಿಗೆ ಉಣ್ಣುವುದಿಲ್ಲ, ಬೀಡಿ, ಹೊಗೆಸೊಪ್ಪು ಜಾಸ್ತಿ ಮಾಡುತ್ತಾರೆ. ಈ ಕೊನೆಯ ಮಾತೇ ಸೆಲ್ಯೆ ಅವರ ಬದುಕಿನ ಕಪ್ಪು ಪುಟಕ್ಕೆ ಕರೆದೊಯ್ಯುತ್ತದೆ.

ಕೀರ್ತಿ ಮತ್ತು ಕಷ್ಟ

1956 ಸೆಲ್ಯೆ ಅವರ ಬದುಕಿನಲ್ಲಿ ಮರೆಯಲಾಗದ ವರ್ಷ. ಸಾಮಾನ್ಯ ಓದುಗರಿಗಾಗಿ ಬರೆದ ಬದುಕಿನ ಒತ್ತಡದ ಪುಸ್ತಕ ಆ ವರ್ಷ ಹೊರಬಂದು ಅವರನ್ನು ಮನೆಮಾತಾಗಿಸಿತು. ಅದೇ ವರ್ಷ ಹಂಗೇರಿಯಲ್ಲಿ ನಡೆದ ದಂಗೆಯ ಗುಂಡಿಗೆ ಅವರ ತಾಯಿ ಬಲಿಯಾದರು. ಮಗ ಇದ್ದದ್ದು ಸಮುದ್ರದಾಚೆ. ಒತ್ತಡದ ಬಗ್ಗೆ ಲೋಕಕ್ಕೆ ಪಾಠ ಹೇಳುತ್ತಿದ್ದವರಿಗೆ ಅದು ಪುಸ್ತಕದ ವಿಷಯವಾಗಿ ಉಳಿಯಲಿಲ್ಲ.

ಬೆಳಗಿನ ಜಾವಕ್ಕೇ ಎದ್ದು ಪ್ರಯೋಗಾಲಯಕ್ಕೆ ಹೋಗುವುದು ಅವರ ಅಭ್ಯಾಸ. ಜೀವಮಾನದಲ್ಲಿ 1,500ಕ್ಕೂ ಹೆಚ್ಚು ಲೇಖನ, 30ಕ್ಕೂ ಹೆಚ್ಚು ಪುಸ್ತಕ ಬರೆದರು. ಅವರ ಬಳಿ ಸಂಶೋಧನೆ ಮಾಡಿದ ರೋಜರ್ ಗಿಯ್ಮೆ 1977ರ ನೊಬೆಲ್ ಬಹುಮಾನ ಪಡೆದವರಲ್ಲಿ ಒಬ್ಬರು. ಕೆನಡಾ ಸರ್ಕಾರ 1968ರಲ್ಲಿ ಸೆಲ್ಯೆ ಅವರಿಗೆ ತನ್ನ ಉನ್ನತ ಗೌರವ ನೀಡಿತು. ಎಲ್ಲ ಒತ್ತಡವೂ ಕೆಟ್ಟದ್ದಲ್ಲ, ಇಷ್ಟಪಟ್ಟು ಮಾಡುವ ದುಡಿಮೆಯ ಒತ್ತಡ ಬದುಕಿಗೆ ಬೇಕು ಎಂದೂ ಅವರು ವಾದಿಸಿದರು. ದೇಹದ ಉತ್ತರ ಎಲ್ಲ ಕಷ್ಟಕ್ಕೂ ಒಂದೇ ಎಂಬ ಅವರ ಮಾತನ್ನು ಜಾನ್ ಮೇಸನ್ ಎಂಬ ಅಮೆರಿಕದ ವಿಜ್ಞಾನಿ ಪ್ರಶ್ನಿಸಿದರು. ಕಷ್ಟ ಯಾವುದು ಎಂಬುದಷ್ಟೇ ಅಲ್ಲ, ಮನಸ್ಸು ಅದನ್ನು ಹೇಗೆ ತೆಗೆದುಕೊಳ್ಳುತ್ತದೆ ಎಂಬುದೂ ಹಾರ್ಮೋನನ್ನು ಏರಿಸುತ್ತದೆ ಎಂದು ಅವರು ತೋರಿಸಿದರು. ಮುಂದೆ ಈರಿ ಕೌಂಟಿಯ ಅಧ್ಯಯನದಲ್ಲೂ ಇಂಥದೇ ಅಂಶ ಕಂಡುಬಂದದ್ದು ಗಮನಾರ್ಹ.

ಹೊಗೆಯ ಮರೆಯಲ್ಲಿ

ಪ್ರಯೋಗಾಲಯ ನಡೆಸಲು ಹಣ ಬೇಕಿತ್ತು. ಅದೇ ಕಾಲಕ್ಕೆ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಖಚಿತವಾಗುತ್ತ ಬಂದು ತಂಬಾಕು ಕಂಪನಿಗಳು ದಿಕ್ಕೆಟ್ಟಿದ್ದವು. ಹೃದಯದ ಕಾಯಿಲೆಗೆ, ಇತರ ಕಾಯಿಲೆಗೆ ತಂಬಾಕಿಗಿಂತ ಒತ್ತಡವೇ ಕಾರಣ ಎಂದು ಹೇಳಬಲ್ಲ ದೊಡ್ಡ ವಿಜ್ಞಾನಿಯೊಬ್ಬರು ಅವರಿಗೆ ಬೇಕಾಗಿದ್ದರು. ಸೆಲ್ಯೆ ಮತ್ತು ತಂಬಾಕು ಉದ್ಯಮದ ನಡುವೆ ನಂಟು ಬೆಳೆಯಿತು. 1969ರಲ್ಲಿ ಕೆನಡಾದ ಸಂಸತ್ತಿನ ಆರೋಗ್ಯ ಸಮಿತಿಯ ಮುಂದೆ ಅವರು ಹಾಜರಾಗಿ, ಸಿಗರೇಟು ಜಾಹೀರಾತಿನ ಮೇಲಿನ ನಿರ್ಬಂಧ ಮತ್ತು ಎಚ್ಚರಿಕೆ ಸಂದೇಶಗಳ ವಿರುದ್ಧ ಮಾತನಾಡಿದರು. ಒತ್ತಡದಲ್ಲಿರುವವರಿಗೆ ಧೂಮಪಾನದಿಂದ ಸಮಾಧಾನ ಸಿಗಬಹುದು ಎಂಬುದು ಅವರ ವಾದದ ತಿರುಳು. ಅವರ ಸಂಶೋಧನೆಗೆ ತಂಬಾಕು ಉದ್ಯಮದ ಹಣವೂ ಬಂತು.

ಜನರಿಗೆ ಈ ನಂಟಿನ ಪೂರ್ತಿ ಚಿತ್ರ ಆಗ ಗೊತ್ತಿರಲಿಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ತಂಬಾಕು ಕಂಪನಿಗಳ ಮೇಲೆ ಮೊಕದ್ದಮೆಗಳು ನಡೆದು ಅವುಗಳ ಒಳಗಿನ ಕಡತಗಳು ಬಹಿರಂಗವಾದ ಮೇಲೆ ಎಲ್ಲ ಹೊರಬಂತು. ಮಾರ್ಕ್ ಪೆಟಿಕ್ರೂ ಮತ್ತು ಕೆಲ್ಲಿ ಲೀ ಎಂಬ ಸಂಶೋಧಕರು ಆ ಕಡತಗಳನ್ನು ಓದಿ 2011ರಲ್ಲಿ ವಿವರವಾಗಿ ಬರೆದರು. ಆ ಹೊತ್ತಿಗೆ ಸೆಲ್ಯೆ ತೀರಿಕೊಂಡು 29 ವರ್ಷವಾಗಿತ್ತು.

ಒಸಡಿನ ವಿಷಯದಲ್ಲಿ ಇದು ಎಷ್ಟು ದೊಡ್ಡ ತಪ್ಪು ಎಂಬುದು ಇಂದು ಸ್ಪಷ್ಟ. ಒಸಡಿನ ಕಾಯಿಲೆಯನ್ನು ಹೆಚ್ಚಿಸುವ ಅಭ್ಯಾಸಗಳಲ್ಲಿ ತಂಬಾಕಿಗೇ ಮೊದಲ ಸ್ಥಾನ. ಅದು ಒಸಡಿನ ರಕ್ತ ಸಂಚಾರವನ್ನು ತಗ್ಗಿಸುತ್ತದೆ, ಬಿಳಿ ರಕ್ತಕಣಗಳನ್ನು ದುರ್ಬಲಗೊಳಿಸುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ ಬೀಡಿ, ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಬರುವುದು ಕಡಿಮೆ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಸೂಚನೆ ಕಾಣುವುದಿಲ್ಲ. ಮನಸ್ಸಿಗೂ ಅಷ್ಟೇ. ಒಂದು ದಮ್ಮು ಎಳೆದಾಗ ಸಿಗುವ ನೆಮ್ಮದಿ ಬಹುಪಾಲು ನಿಕೋಟಿನ್ ಸಿಗದ ಚಡಪಡಿಕೆ ನಿಂತದ್ದರ ನೆಮ್ಮದಿ. ನಿಕೋಟಿನ್ ಸ್ವತಃ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಅನ್ನು ಏರಿಸುತ್ತದೆ. ಒತ್ತಡದ ಹಾರ್ಮೋನುಗಳನ್ನು ಜಗತ್ತಿಗೆ ಪರಿಚಯಿಸಿದವರೇ ಅವುಗಳನ್ನು ಏರಿಸುವ ವಸ್ತುವಿನ ಪರ ನಿಂತದ್ದು ವಿಪರ್ಯಾಸ.

ಕೊನೆಯ ದಿನಗಳು

1970ರ ದಶಕದ ಆರಂಭದಲ್ಲಿ ಸೆಲ್ಯೆ ಅವರಿಗೆ ಅಪರೂಪದ ಕ್ಯಾನ್ಸರ್ ಬಂತು. ಬದುಕುವುದು ಕಷ್ಟ ಎಂಬ ಸ್ಥಿತಿಯಿಂದ ಅವರು ಪಾರಾಗಿ ಬಂದರು. 1976ರವರೆಗೆ ಸಂಸ್ಥೆಯನ್ನು ನಡೆಸಿ, ನಂತರ ಒತ್ತಡದ ಅಧ್ಯಯನಕ್ಕಾಗಿ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿದರು. 1981ರಲ್ಲಿ ವೈಲಿ ವೇಲ್ ಎಂಬ ವಿಜ್ಞಾನಿಯ ತಂಡ ಒತ್ತಡದ ಸರಪಣಿಯನ್ನು ಮೆದುಳಿನಲ್ಲಿ ಆರಂಭಿಸುವ ಹಾರ್ಮೋನನ್ನು ಗುರುತಿಸಿತು. ಮೆದುಳಿನಿಂದ ಅಡ್ರಿನಲ್ ಗ್ರಂಥಿಯವರೆಗಿನ ದಾರಿ ಆಗ ಪೂರ್ತಿಯಾಯಿತು. ಮರುವರ್ಷ, 1982ರ ಅಕ್ಟೋಬರ್ 16ರಂದು ಸೆಲ್ಯೆ ಮಾಂಟ್ರಿಯಲ್‌ನಲ್ಲಿ ನಿಧನರಾದರು. ಆಗ ಅವರಿಗೆ 75 ವರ್ಷ.

ಅವರು ಬೆಳೆದ ಊರಿನ ಉತ್ತರ ದಂಡೆ ಇಂದು ಸ್ಲೊವಾಕಿಯಾ ದೇಶದಲ್ಲಿದೆ. ಅಲ್ಲಿ ಹಂಗೇರಿಯನ್ ಮಾತನಾಡುವವರು ಈಗಲೂ ಇದ್ದಾರೆ. ಅವರ ಮಕ್ಕಳು ತಮ್ಮ ಭಾಷೆಯಲ್ಲೇ ಓದಲೆಂದು 2004ರಲ್ಲಿ ಅಲ್ಲಿ ವಿಶ್ವವಿದ್ಯಾಲಯವೊಂದು ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು ಶೆಯೆ ಯಾನೋಶ್. ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ.

ಸೆಲ್ಯೆ ಬದುಕಿನಿಂದ ಕಲಿಯುವುದು

ಅವರ ಬದುಕಿನ ಎರಡು ಭಾಗಗಳಿಂದ ಎರಡು ಪಾಠಗಳಿವೆ. ಚಿಂತೆ ಬರಿಯ ಮನಸ್ಸಿನ ವಿಷಯವಲ್ಲ, ಅದು ರಕ್ತದ ಮೂಲಕ ಒಸಡಿನವರೆಗೂ ಇಳಿಯುತ್ತದೆ ಎಂಬುದು ಒಂದು. ಚಿಂತೆಯ ನೆಪದಲ್ಲಿ ತಂಬಾಕನ್ನು ಸಮರ್ಥಿಸಬಾರದು ಎಂಬುದು ಇನ್ನೊಂದು.

ಆನೆ ಕಾವಲು, ಬೆಲೆ ಕುಸಿತ, ಪಾಳಿ ಕೆಲಸ ನಾಳೆಯೇ ನಿಲ್ಲುವಂಥವಲ್ಲ. ಆದರೆ ಅಂಥ ದಿನಗಳಲ್ಲೇ ಬಾಯಿಯ ಶುಚಿ ತಪ್ಪಬಾರದು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಅಥವಾ ಕಾವಲಿಗೆ ಹೊರಡುವ ಮುನ್ನ ಒಮ್ಮೆ ಮೃದುವಾದ ಬ್ರಷ್‌ನಿಂದ ಒಸಡಿನ ಅಂಚಿನವರೆಗೆ ಉಜ್ಜಬೇಕು. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಿದರೆ ಪಾಚಿ ಇನ್ನೂ ಕಟ್ಟುತ್ತದೆ. ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ, ಹಲ್ಲು ಅಲುಗಾಡಿದರೆ ದಂತವೈದ್ಯರಿಗೆ ತೋರಿಸಬೇಕು. ಹಲ್ಲು ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ನಂಬಿಕೆ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಒಸಡಿನ ಕಾಯಿಲೆಯೂ ಸಕ್ಕರೆ ಕಾಯಿಲೆಯೂ ಒಂದನ್ನೊಂದು ಹೆಚ್ಚಿಸುತ್ತವೆ.

ಬೀಡಿ, ಹೊಗೆಸೊಪ್ಪು ಬಿಡಲು ಮನಸ್ಸು ಮಾಡಿದವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ಸಾಲದ ಚಿಂತೆ, ಮನೆಯ ಚಿಂತೆಯನ್ನು ಒಳಗೇ ಇಟ್ಟುಕೊಂಡು ಕೊರಗದೆ ಮನೆಯವರ ಬಳಿ, ನಂಬಿಕಸ್ಥರ ಬಳಿ ಕೂತು ಮಾತನಾಡಿ ದಾರಿ ಹುಡುಕುವುದು ಒಳ್ಳೆಯದು. ಅದು ಮನಸ್ಸಿಗೆ ಮಾತ್ರವಲ್ಲ, ಹಲ್ಲಿಗೂ ಒಳ್ಳೆಯದು ಎಂದು ಈರಿ ಕೌಂಟಿಯ ಲೆಕ್ಕ ಹೇಳುತ್ತದೆ.

ಪ್ರಾಗ್‌ನ ತರಗತಿಯಲ್ಲಿ ರೋಗಿಗಳ ನಾಲಿಗೆ ನೋಡಿ ಹುಡುಗನೊಬ್ಬ ಕೇಳಿಕೊಂಡ ಪ್ರಶ್ನೆ ಇಂದು ಪ್ರತಿ ಮನೆಯ ಕನ್ನಡಿಯ ಮುಂದೆ ಕೇಳಿಕೊಳ್ಳಬಹುದಾದ ಪ್ರಶ್ನೆ. ಬೆಳಿಗ್ಗೆ ಉಗುಳಿದ ನೀರು ಕೆಂಪಾಗಿದ್ದರೆ ಅದು ಉಷ್ಣವಲ್ಲ, ದೇಹ ಕೊಡುತ್ತಿರುವ ಸೂಚನೆ. ಅದನ್ನು ಹೊಗೆಯಿಂದ ಮುಚ್ಚದೆ ಸಕಾಲದಲ್ಲಿ ಗಮನಿಸಿದರೆ ಹಲ್ಲು ಉಳಿಯುತ್ತದೆ.